ಎರವಲು ಬಂದವನ ಕಾಲು

ಆ ಕೋಚ್ ಮೇಲಿನ ಸಿಟ್ಟು ನನಗೆ ಇನ್ನೂ ಇಳಿದಿಲ್ಲ. ಇಳಿಸಿಕೊಳ್ಳುವ ಆಸೆಯೂ ಇಲ್ಲ. 'ಎಷ್ಟು ದಿನ ಅಂತ ಹಿಡ್ಕೊಂಡಿರ್ತೀಯ, ಬಿಟ್ಹಾಕು' ಅನ್ನುತ್ತಾರೆ ನಮ್ಮ ಯಜಮಾನರು. ಅವರಿಗೇನು, ಅವತ್ತು ಎದ್ದು ನಿಂತು ಚಪ್ಪಾಳೆ ತಟ್ಟಿದವರಲ್ಲಿ ಅವರೂ ಒಬ್ಬರು.

ನಮ್ಮ ಮನೆ ಇರುವುದು ನ್ಯೂಜಿಲೆಂಡಿನ ಒನೆಹುಂಗಾದಲ್ಲಿ. ಮಗಳು ಹತ್ತಿರದ ಫುಟ್‌ಬಾಲ್ ಕ್ಲಬ್ಬಿನಲ್ಲಿ ಹುಡುಗಿಯರ ತಂಡಕ್ಕೆ ಆಡುತ್ತಾಳೆ. ಹಾಫ್ ಟೈಮಿಗೆ ಕಿತ್ತಳೆ ಹಣ್ಣು ಹೆಚ್ಚಿ ತಂದು ಹಂಚುವುದು ಇಲ್ಲಿ ತಂದೆ ತಾಯಂದಿರ ಸರದಿ ಕೆಲಸ. ನನ್ನ ಸರದಿ ಇದ್ದ ಒಂದು ಶನಿವಾರ ಕ್ಲಬ್ಬಿನ ದೊಡ್ಡವರ ತಂಡದ ಕೋಚ್ ಹತ್ತಿರ ಬಂದರು. ಇಂಗ್ಲೆಂಡಿನಿಂದ ಒಬ್ಬ ಆಟಗಾರ ಬರುತ್ತಿದ್ದಾನೆ, ಸೀಸನ್ ಮುಗಿಯುವ ತನಕ ನಿಮ್ಮ ಮನೆಯ ರೂಮು ಕೊಡುತ್ತೀರಾ ಎಂದು ಕೇಳಿದರು. ನಾನು ಬಾಯಿ ತೆಗೆಯುವ ಮೊದಲೇ ಯಜಮಾನರು ತಲೆ ಆಡಿಸಿ ಆಗಿತ್ತು.

ಬಂದವನು ಇಪ್ಪತ್ತರ ಹುಡುಗ. ಚಿಕ್ಕಂದಿನಿಂದ ಅಲ್ಲಿನ ಒಂದು ವೃತ್ತಿಪರ ಕ್ಲಬ್ಬಿನಲ್ಲೇ ಬೆಳೆದವನು. ಆ ಕ್ಲಬ್ಬಿನವರು ಅವನನ್ನು ಇಲ್ಲಿಯವರಿಗೆ ಒಂದು ಸೀಸನ್ನಿಗೆ 'ಲೋನ್' ಕೊಟ್ಟಿದ್ದರು. ಲೋನ್ ಅಂದರೆ ಮನೆಗೆ, ಕಾರಿಗೆ ಅಂದುಕೊಂಡಿದ್ದ ನನಗೆ ಇದು ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. 'ಅಂದ್ರೆ, ಪಕ್ಕದ ಮನೆಯವ್ರು ಇಡ್ಲಿ ಪಾತ್ರೆ ಇಸ್ಕೊಂಡ್ ಹೋಗ್ತಾರಲ್ಲ, ಹಾಗಾ?' ಎಂದು ಕೇಳಿದೆ. ಯಜಮಾನರು 'ಹೂಂ ಕಣೇ, ಹಾಗೇ ಅಂದ್ಕೋ' ಎಂದು ನಕ್ಕರು.

ಅವನು ಆಡುತ್ತಿದ್ದದ್ದು ಮಿಡ್‌ಫೀಲ್ಡಿನಲ್ಲಿ. ಮೊದಮೊದಲು ನನ್ನ ಕಣ್ಣಿಗೆ ಗೋಲು ಹೊಡೆಯುವವನೂ ಗೋಲು ತಡೆಯುವವನೂ ಇಬ್ಬರೇ ಕಾಣುತ್ತಿದ್ದರು. ಅವನು ಊಟದ ಮೇಜಿನ ಮೇಲೆ ಉಪ್ಪಿನಕಾಯಿ ಬಾಟಲಿ, ತುಪ್ಪದ ಗಿಂಡಿ, ಲೋಟ ಎಲ್ಲ ಜೋಡಿಸಿ ತನ್ನ ಕೆಲಸ ಏನೆಂದು ತೋರಿಸಿದ. ಹಿಂದಿನವರಿಂದ ಚೆಂಡು ಇಸಿದುಕೊಳ್ಳಬೇಕು, ಮುಂದಿನವರಿಗೆ ಕೊಡಬೇಕು, ಕಳೆದುಕೊಂಡರೆ ಓಡಿ ಹೋಗಿ ಕಸಿದುಕೊಳ್ಳಬೇಕು. ತೊಂಬತ್ತು ನಿಮಿಷ ಓಡುತ್ತಲೇ ಇರಬೇಕು, ಹೆಸರು ಮಾತ್ರ ಗೋಲು ಹೊಡೆದವನಿಗೆ. 'ಅಯ್ಯೋ, ಇದು ನಾನು ಮನೇಲಿ ಮಾಡೋ ಕೆಲ್ಸಾನೇ ಬಿಡು' ಅಂದೆ. ಮಗಳು ಅದನ್ನು ಇಂಗ್ಲಿಷಿಗೆ ತಿರುಗಿಸಿ ಹೇಳಿದಾಗ ಅವನು ಅನ್ನ ನೆತ್ತಿಗೆ ಹತ್ತುವ ಹಾಗೆ ನಕ್ಕ.

ಪ್ರಾಕ್ಟೀಸಿಗೆ ಹೋಗುವಾಗ ಅವನಿಗೆ ಒಂದು ಸ್ಟೀಲ್ ಡಬ್ಬದಲ್ಲಿ ಚಿತ್ರಾನ್ನವನ್ನೋ ಮೊಸರನ್ನವನ್ನೋ ಹಾಕಿ ಕೊಡುತ್ತಿದ್ದೆ. ಮೊದಲ ದಿನ ತೊಳೆದು ತಂದು ಕೊಟ್ಟ. ಹೀಗೇ ಏನೋ ಮಾತಿಗೆ, ನಮ್ಮಲ್ಲಿ ಬೇರೆಯವರ ಡಬ್ಬ ಖಾಲಿ ವಾಪಸ್ ಕೊಡುವುದಿಲ್ಲ ಎಂದೆ. ಮೈಸೂರಿನ ನಮ್ಮ ಮನೆಯಲ್ಲಿ ಏನೂ ಇಲ್ಲದಿದ್ದರೆ ಅಮ್ಮ ಒಂದು ಹಿಡಿ ಸಕ್ಕರೆಯಾದರೂ ಹಾಕಿ ಕಳಿಸುತ್ತಿದ್ದಳು. ಅವನು ಗಂಭೀರವಾಗಿ ಕೇಳಿಸಿಕೊಂಡ. ಮರುದಿನದಿಂದ ಡಬ್ಬ ಒಮ್ಮೆಯೂ ಖಾಲಿ ಬರಲಿಲ್ಲ. ಕ್ಲಬ್ಬಿನ ಹಿತ್ತಲಲ್ಲಿ ಬಿದ್ದ ಫೀಜೋವಾ ಹಣ್ಣು, ಡೇರಿ ಅನ್ನುವ ಮೂಲೆಯಂಗಡಿಯಲ್ಲಿ ಕೊಂಡ ಚಾಕೊಲೇಟು, ಏನೂ ಸಿಗದ ದಿನ ಚೂಯಿಂಗ್ ಗಮ್. ಅಮ್ಮ ಇದ್ದಿದ್ದರೆ ಅವನನ್ನು ಬಿಟ್ಟುಕೊಡುತ್ತಿರಲಿಲ್ಲ.

ಅವನ ಜೀವ ಇದ್ದದ್ದು ಒಂದೇ ವಿಷಯದಲ್ಲಿ. ಸೀಸನ್ ಮುಗಿಸಿ ಹೋದ ಕೂಡಲೇ ಅಲ್ಲಿನ ಕ್ಲಬ್ಬಿನವರು ಅವನನ್ನು ಓಡಿಸಿ, ಆಡಿಸಿ ನೋಡುವವರಿದ್ದರು. ಗೆದ್ದರೆ ಹೊಸ ಒಪ್ಪಂದ, ಇಲ್ಲದಿದ್ದರೆ ಮನೆ. 'ಆಂಟಿ, ಕಾಲೊಂದು ಗಟ್ಟಿಯಾಗಿ ವಾಪಸ್ ಹೋದ್ರೆ ಸಾಕು, ಉಳಿದಿದ್ದು ನಾನು ನೋಡ್ಕೋತೀನಿ' ಎನ್ನುತ್ತಿದ್ದ. ಅವನು ಹೇಳುತ್ತಿದ್ದದ್ದು ಇಂಗ್ಲಿಷಿನಲ್ಲಿ, ನನ್ನ ಕಿವಿಯಲ್ಲಿ ಉಳಿದಿರುವುದು ಹೀಗೆ.

ಆಗಸ್ಟಿನಲ್ಲಿ ಪ್ರಾಕ್ಟೀಸ್ ಮಾಡುವಾಗ ಅವನ ಕಣಕಾಲು ಉಳುಕಿತು. ಬೆಳಿಗ್ಗೆ ನೋಡಿದರೆ ಬನ್ನಿನ ಹಾಗೆ ಊದಿತ್ತು. ಫ್ರೀಜರಿನ ಬಟಾಣಿ ಪೊಟ್ಟಣವನ್ನು ಅದರ ಮೇಲಿಟ್ಟು ಅವನನ್ನು ಸೋಫಾದಲ್ಲಿ ಕೂರಿಸಿದೆ. ಕ್ಲಬ್ಬಿನ ಫಿಸಿಯೋ ಹೆಣ್ಣುಮಗಳು ಬಂದು ನೋಡಿ, ಒಂದು ತಿಂಗಳು ಆಡುವ ಮಾತೇ ಇಲ್ಲ, ಸುಮ್ಮನಿದ್ದರೆ ಪೂರ್ತಿ ವಾಸಿಯಾಗುತ್ತದೆ ಎಂದಳು. ಪೂರ್ತಿ ವಾಸಿಯಾಗುತ್ತದೆ ಎಂದಿದ್ದಳು.

ಆ ಶನಿವಾರ ಸೆಮಿಫೈನಲ್. ಅವನಿಗೆ ಆಟವಿಲ್ಲ, ಸುಮ್ಮನೆ ಬೆಂಚಿನಲ್ಲಿ ಕೂರಬೇಕಷ್ಟೇ ಎಂದು ಹೇಳಿ ಕರೆಸಿಕೊಂಡಿದ್ದರು. ಬೆಳಗಿನ ಮಕ್ಕಳ ಆಟದಲ್ಲಿ ಉಳಿದ ಕಿತ್ತಳೆ ಡಬ್ಬ ಹಿಡಿದು ನಾನು ಬೆಂಚಿನ ಹಿಂದೆಯೇ ನಿಂತಿದ್ದೆ. ಹಾಫ್ ಟೈಮಿಗೆ ನಮ್ಮವರು ಒಂದು ಗೋಲು ಹಿಂದಿದ್ದರು. ಕೋಚ್ ಅವನ ಹೆಗಲ ಮೇಲೆ ಕೈ ಹಾಕಿ, ಒಂದು ಇಂಜೆಕ್ಷನ್ ತಗೋ, ನೋವು ಗೊತ್ತಾಗೋದಿಲ್ಲ ಎಂದರು. ಅವನು ತಲೆ ತಗ್ಗಿಸಿದ. ಆಗ ಕೋಚ್, ನಿಮ್ಮ ಕ್ಲಬ್ಬಿಗೆ ನಿನ್ನ ಬಗ್ಗೆ ಹೇಳಬೇಕಾದವನು ನಾನು ಎಂದು ನೆನಪಿಸಿದರು. ಹುಡುಗ ಎದ್ದು ಒಳಗೆ ಹೋದ. ಫಿಸಿಯೋ ಅಡ್ಡ ಬಂದಳು. ಅವಳಿಗೆ ಕೋಚ್ ಹೇಳಿದ್ದನ್ನು ನಾನು ಈ ಎರಡು ಕಿವಿಗಳಿಂದ ಕೇಳಿದ್ದೇನೆ:

'ಮುಂದಿನ ತಿಂಗಳು ಹೇಗೂ ವಾಪಸ್ ಹೋಗ್ತಾನಲ್ಲ. ಆಮೇಲಿಂದು ಅವರ ತಲೆನೋವು.'

ಬಹುವಚನ ಇಲ್ಲಿಗೆ ಸಾಕು. ಆ ಮನುಷ್ಯ ಹುಡುಗನನ್ನು ಮೈದಾನಕ್ಕೆ ಇಳಿಸಿದ.

ನಾನು ಕಿತ್ತಳೆ ಡಬ್ಬ ಅಲ್ಲೇ ಕುಕ್ಕಿ ಕೋಚ್ ಮುಂದೆ ಹೋಗಿ ನಿಂತೆ. 'ಕಾಲು ಅವನದ್ದು, ನಿನ್ನದಲ್ಲ. ವಾಪಸ್ ಕರೆಸು' ಎಂದು ಇಂಗ್ಲಿಷಿನಲ್ಲಿ ಕೂಗಿದೆ. ಅವನು ನನ್ನ ತಲೆಯ ಮೇಲಿಂದ ಆಟ ನೋಡುತ್ತಿದ್ದ. ಯಜಮಾನರು ಓಡಿ ಬಂದು ತೋಳು ಹಿಡಿದರು.

'ಸುಮ್ನಿರೇ, ಎಲ್ರೂ ನೋಡ್ತಿದಾರೆ.'

'ನೋಡ್ಲಿ ಬಿಡ್ರೀ! ನೋಡ್ಬೇಕಾದ್ದನ್ನ ಯಾರೂ ನೋಡ್ತಿಲ್ವಲ್ಲ!'

'ಅಮ್ಮ, ಪ್ಲೀಸ್, ಯೂ ಆರ್ ಎಂಬರಾಸಿಂಗ್ ಮಿ' ಎಂದಳು ಮಗಳು.

ಹುಡುಗ ಆಡಿದ. ನಡುವೆ ನಿಂತು ಎಲ್ಲ ಚೆಂಡನ್ನೂ ತನ್ನ ಕಾಲಿಗೇ ಎಳೆದುಕೊಳ್ಳುವವನ ಹಾಗೆ ಆಡಿದ. ನಮ್ಮವರು ಹೊಡೆದು ಗೆದ್ದ ಎರಡು ಗೋಲಿಗೂ ಚೆಂಡು ಕೊಟ್ಟವನು ಅವನೇ. ಎರಡನೆಯದಕ್ಕೆ ಇಡೀ ಮೈದಾನ ಎದ್ದು ನಿಂತಿತು, ಯಜಮಾನರೂ ನಿಂತರು. ಎಲ್ಲರೂ ಗೋಲು ಹೊಡೆದವನ ಮೇಲೆ ಬಿದ್ದು ಕುಣಿಯುತ್ತಿದ್ದಾಗ ಇವನು ಹುಲ್ಲಿನ ಮೇಲೆ ಒಬ್ಬನೇ ಕೂತಿದ್ದ. ಏಳಲು ನೋಡಿ ಮತ್ತೆ ಕೂತ.

ಕಣಕಾಲಿನ ಒಳಗೆಲ್ಲ ಹರಿದುಹೋಗಿತ್ತು. ಅವನು ಊರುಗೋಲಿನಲ್ಲಿ ವಿಮಾನ ಹತ್ತಿದ. ದಾರಿಗೆಂದು ಅದೇ ಸ್ಟೀಲ್ ಡಬ್ಬದ ತುಂಬ ಕೋಡುಬಳೆ ಹಾಕಿ ಕೊಟ್ಟೆ. ಕೋಚ್ ಏರ್‌ಪೋರ್ಟಿಗೆ ಬರಲಿಲ್ಲ. ಫೈನಲ್ಲಿಗೆ ಪ್ರಾಕ್ಟೀಸ್ ಇತ್ತಂತೆ.

ಅಲ್ಲಿನ ಕ್ಲಬ್ಬಿನವರು ಇನ್ನೂ ಜಾಣರು. ಪೆಟ್ಟಾಗಿದ್ದು ನಮ್ಮಲ್ಲಲ್ಲ ಎಂದರಂತೆ. ಇಲ್ಲಿಯವರು, ಅವನು ನಮ್ಮ ಆಟಗಾರನಲ್ಲ ಎಂದರು. ಇಬ್ಬರೂ ಚೆನ್ನಾಗಿ ಕೈ ತೊಳೆದುಕೊಂಡರು. ಒಪ್ಪಂದ ಮುಂದುವರಿಯಲಿಲ್ಲ. ಪಕ್ಕದ ಮನೆಯವರ ಇಡ್ಲಿ ಪಾತ್ರೆ ನಗ್ಗಿಸಿ ವಾಪಸ್ ಕೊಟ್ಟರೂ ಮುಖ ತೋರಿಸಲು ನಾಚುವ ಜನರ ನಡುವೆ ಬೆಳೆದವಳು ನಾನು. ಇವರಿಗೆ ಒಂದು ಚೂರಾದರೂ ನಾಚಿಕೆ ಬೇಡವೇ? ಥೂ!

ಮುಂದಿನ ಸೀಸನ್ ಶುರುವಾಗುವ ಹೊತ್ತಿಗೆ ಇಂಗ್ಲೆಂಡಿನಿಂದ ಒಂದು ಪಾರ್ಸೆಲ್ ಬಂತು. ಬಿಚ್ಚಿದರೆ ನನ್ನ ಸ್ಟೀಲ್ ಡಬ್ಬ. ಒಳಗೆ ತುಂಬ ಬಿಸ್ಕತ್ತು. ಊರಿನ ಸೂಪರ್‌ಮಾರ್ಕೆಟ್ಟಿನಲ್ಲಿ ಸಾಮಾನು ಜೋಡಿಸುವ ಕೆಲಸಕ್ಕೆ ಸೇರಿದ್ದೇನೆ, ಇವು ನನ್ನ ಕಪಾಟಿನವು ಎಂದು ಫೋನಿಗೆ ಮೆಸೇಜು ಕಳಿಸಿದ್ದ. ಓಡಲು ಆಗುತ್ತದೆಯೇ ಎಂದು ಕೇಳಿದೆ. ನಡೆಯಲು ಏನೂ ತೊಂದರೆ ಇಲ್ಲ ಆಂಟಿ ಎಂದು ಉತ್ತರ ಬಂತು. ಡಬ್ಬ ಅಡುಗೆಮನೆಯ ಕಟ್ಟೆಯ ಮೇಲೆ ಇಟ್ಟೆ. ಒಂದು ಬಿಸ್ಕತ್ತೂ ಮುಟ್ಟಲಿಲ್ಲ.

ಆ ವಾರವೇ ಕೋಚ್ ಮನೆಗೆ ಬಂದ. ಇಂಗ್ಲೆಂಡಿನಿಂದ ಇನ್ನೊಬ್ಬ ಹುಡುಗ ಬರುತ್ತಿದ್ದಾನೆ, ರೂಮು ಖಾಲಿ ಇದೆಯೇ ಎಂದು ಕೇಳಿದ. ಯಜಮಾನರು ನನ್ನ ಮುಖ ನೋಡಿದರು, ಈ ಸಲ ತಲೆ ಆಡಿಸಲಿಲ್ಲ. ನಾನು ಟೀ ಮಾಡಿದೆ, ಡಬ್ಬದ ಮುಚ್ಚಳ ತೆಗೆದು ಮುಂದಿಟ್ಟೆ. ಅವನು ಒಂದು ಬಿಸ್ಕತ್ತು ಟೀಯಲ್ಲಿ ಅದ್ದಿ ತಿಂದು, ಚೆನ್ನಾಗಿದೆ ಎಂದ.

'ಹೋದ ವರ್ಷದ ಹುಡುಗ ಕಳಿಸಿದ್ದು. ಅಂಗಡೀಲಿ ಕೆಲಸ ಮಾಡ್ತಾನೆ. ಇನ್ನು ಆಡೋಕಾಗಲ್ಲ' ಎಂದೆ.

ಕೋಚ್ ಟೀ ಕಪ್ಪಿನಿಂದ ತಲೆ ಎತ್ತಿದ. ಯಾರೆಂದು ನೆನಪು ಮಾಡಿಕೊಳ್ಳುತ್ತಿದ್ದ, ಅದು ಮುಖದಲ್ಲೇ ಕಾಣುತ್ತಿತ್ತು.

'ಓ, ಅವನಾ. ಒಳ್ಳೆ ಹುಡುಗ' ಎಂದು ಇನ್ನೊಂದು ಬಿಸ್ಕತ್ತಿಗೆ ಕೈ ಚಾಚಿದ.

ನಾನು ಡಬ್ಬ ನನ್ನ ಕಡೆಗೆ ಎಳೆದುಕೊಂಡು ಮುಚ್ಚಳ ಹಾಕಿದೆ.