ಪಾಲಕ್ ಸಾರಿನ ಮಹಿಮೆ

“ನಿಮ್ಮ ಮಗಳ ರಕ್ತದಲ್ಲಿ ಕಬ್ಬಿಣಾಂಶ ಚೆನ್ನಾಗಿ ಏರಿದೆ” ಎಂದು ಡಾಕ್ಟರು ಹೇಳಿದ್ದೇ ತಡ, ನಾನು ನನ್ನ ಪಾಲಕ್ ಸಾರಿನ ಗುಣಗಾನ ಶುರುಮಾಡಿದೆ. ಬಿಳಿಚಿಕೊಂಡಿದ್ದ ಮಗಳ ಹಿಂದೆ ಈ ಪರದೇಶದ ಮಿಲ್ಟನ್ ಊರಿನ ಚಳಿಗಾಲವಿಡೀ ಬಟ್ಟಲು ಹಿಡಿದು ಓಡಾಡಿದವಳು ನಾನಲ್ಲವೇ!

ಮಗಳು ಫೋನಿನಿಂದ ತಲೆಯೆತ್ತದೆ, “ಅಮ್ಮಾ, ಇಟ್ಸ್ ದ ಬೀಫ್ ಟಾಕೋಸ್” ಎಂದಳು. ಹೈಸ್ಕೂಲಿನ ಪಕ್ಕದ ಮೆಕ್ಸಿಕನ್ ಅಂಗಡಿಯಲ್ಲಿ ದನದ ಮಾಂಸವನ್ನು ಕೆಂಡದ ಮೇಲೆ ಸುಟ್ಟು, ಜೋಳದ ರೊಟ್ಟಿಯಲ್ಲಿ ಮಡಚಿ ಕೊಡುತ್ತಾರಂತೆ. ಮೊಟ್ಟೆಯನ್ನೂ ಒಳಗೆ ಬಿಡದ ಮನೆ ನಮ್ಮದು! ಡಾಕ್ಟರು ಬೇರೆ, ಸೊಪ್ಪಿಗಿಂತ ಮಾಂಸದ ಕಬ್ಬಿಣಾಂಶವೇ ಮೈಗೆ ಬೇಗ ಹತ್ತುತ್ತದೆ ಎಂದು ಅವಳ ಪರ ವಕಾಲತ್ತು ವಹಿಸಿದರು.

ಸಂಜೆ ಕನ್ನಡ ಬಳಗದ ಗೆಳತಿಯೊಬ್ಬರು ಫೋನ್ ಮಾಡಿ, “ನಿಮ್ಮ ಮಗಳು ಈಗ ಲವಲವಿಕೆಯಿಂದ ಇದಾಳಲ್ರೀ, ಏನ್ ಕೊಡ್ತಿದೀರ?” ಎಂದು ಕೇಳಿದರು. ಹಲ್ಲು ಕಚ್ಚಿಕೊಂಡು ಪಾಲಕ್ ಸಾರು ಮಾಡುವ ಬಗೆ ಹೇಳಿದೆ. ಎದುರಿಗೆ ಕೂತಿದ್ದ ಮಗಳು ನಗು ತಡೆಯಲಾರದೆ ಕೆಂಪಗಾದಳು. ಆ ಕೆಂಪಿಗಾಗಿಯೇ ಅಲ್ಲವೇ ನಾನು ಅಷ್ಟೆಲ್ಲ ಒದ್ದಾಡಿದ್ದು!