ಚೀಲದಲ್ಲೇ ಉಳಿದ ವಹಿ

ಬಾದಾಮಿಯಿಂದ ಬಾಗಲಕೋಟೆಗೆ ಹೋಗುವ ಬೆಳಗಿನ ಪ್ಯಾಸೆಂಜರ್ ಗಾಡಿಯಲ್ಲಿ ಮಹೇಶ್ವರಿಗೆ ಖಾಯಂ ಜಾಗವೊಂದಿತ್ತು. ಹೆಣ್ಣುಮಕ್ಕಳ ಡಬ್ಬಿ, ಬಾಗಿಲಿನಿಂದ ಎರಡನೆಯ ಕಿಟಕಿ. ಹೊಸಬರು ಯಾರಾದರೂ ಅಲ್ಲಿ ಕೂತರೆ ಉಳಿದವರೇ ಎಬ್ಬಿಸುತ್ತಿದ್ದರು. "ಏಳವಾ, ಅದು ಅಕ್ಕಾರ ಜಾಗಾ."

ನವನಗರದ ಒಂದು ಸರ್ಕಾರಿ ಕಚೇರಿಯ ರಿಕಾರ್ಡ್ ರೂಮಿನಲ್ಲಿ ಅವಳ ನೌಕರಿ. ಸೇರಿದ ಮೊದಲ ವರ್ಷವೇ ಸಾಹೇಬರು ಗಡಿಯಾರ ತೋರಿಸಿ, "ದಿನಾ ಗಾಡಿ ತಡಾ ಅಂತೀರಿ, ಅದಕ್ಕೇನು ಆಧಾರ?" ಎಂದು ಎಲ್ಲರೆದುರು ಬೈದಿದ್ದರು. ಅಂದು ಸಂಜೆ ಅವಳು ಒಂದು ವಹಿ ಕೊಂಡಳು. ಗಾಡಿ ಬಾದಾಮಿಗೆ ಎಷ್ಟು ಹೊತ್ತಿಗೆ ಬಂತು, ಗುಳೇದಗುಡ್ಡ ರೋಡಿನಲ್ಲಿ ಗೂಡ್ಸ್ ಗಾಡಿಗೆ ದಾರಿ ಬಿಡಲು ಎಷ್ಟು ನಿಮಿಷ ನಿಂತಿತು, ಬಾಗಲಕೋಟೆ ಮುಟ್ಟಿದ್ದು ಯಾವಾಗ, ಎಲ್ಲ ಬರೆದಿಡತೊಡಗಿದಳು. ಹತ್ತೊಂಬತ್ತು ವರ್ಷದಲ್ಲಿ ಹನ್ನೊಂದು ವಹಿ ತುಂಬಿದವು. ಕೊರೋನಾದ ತಿಂಗಳುಗಳ ಹಾಳೆಯಲ್ಲೂ "ಗಾಡಿ ಇಲ್ಲ" ಎಂದು ಬರೆದಿದ್ದಳು. ಸಾಹೇಬರು ಎಂದೋ ವರ್ಗವಾಗಿ ಹೋಗಿದ್ದರು. ವಹಿಯನ್ನು ಯಾರೂ ಕೇಳಲಿಲ್ಲ, ಇವಳೂ ತೋರಿಸಲಿಲ್ಲ. ಆದರೆ "ಅಕ್ಕಾರ, ಇವತ್ತು ಎಷ್ಟೊತ್ತಿಗೆ ಮುಟ್ಟತೇವ್ರಿ?" ಎಂದು ಡಬ್ಬಿಯವರೆಲ್ಲ ಕೇಳುವುದು ಅವಳನ್ನೇ, ಅವಳು ಹೇಳಿದ್ದು ತಪ್ಪುವುದೂ ಅಪರೂಪ. ಎದುರಿಗೆ ಬುಟ್ಟಿ ಇಟ್ಟುಕೊಂಡು ಕೂರುವ ಹುಚ್ಚವ್ವ, ಬಾಗಲಕೋಟೆ ಸಂತೆಗೆ ಕೊತ್ತಂಬರಿ, ಮೆಂತೆ ಒಯ್ಯುವವಳು, ಅಕ್ಕಾರು ಪೆನ್ನು ತೆಗೆದರೆ ಮಾತು ನಿಲ್ಲಿಸುತ್ತಿದ್ದಳು.

ಹೋದ ವರ್ಷ ದೀಪಾವಳಿ ಮುಗಿದ ಮೇಲೆ ಗುಳೇದಗುಡ್ಡ ರೋಡಿನಲ್ಲಿ ರೋಹಿಣಿ ಹತ್ತಿದಳು. ಖಣ ನೇಯುವವರ ಮನೆಯ ಮಗಳು, ಇಪ್ಪತ್ತಾರರ ಹುಡುಗಿ, ಬಾಗಲಕೋಟೆಯ ಒಂದು ಸೊಸೈಟಿಯಲ್ಲಿ ಹೊಸದಾಗಿ ಕೆಲಸ. ಎರಡೇ ವಾರದಲ್ಲಿ ಎಲ್ಲರ ನಂಬರ್ ಕೂಡಿಸಿ ವಾಟ್ಸಾಪ್ ಗುಂಪು ಮಾಡಿದಳು. ಗಾಡಿ ಎಲ್ಲಿದೆ ಎಂಬುದು ಅಂದಿನಿಂದ ಮೊಬೈಲಿನಲ್ಲೇ ತಿಳಿಯತೊಡಗಿತು. ಮಹೇಶ್ವರಿಯನ್ನು ಕೇಳುವವರು ಒಬ್ಬೊಬ್ಬರಾಗಿ ಕಡಿಮೆಯಾದರು.

ಮೊದಮೊದಲು ಅವಳು ಇದನ್ನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಆದರೆ ಒಂದು ಸೋಮವಾರ ಗಾಡಿ ಕ್ರಾಸಿಂಗಿಗೆಂದು ಐವತ್ತು ನಿಮಿಷ ನಿಂತಾಗ ರೋಹಿಣಿ ಮೊಬೈಲು ಎತ್ತಿ ಹಿಡಿದು, "ನಾವು ದಿನಾ ತಡಾ ಆಗಾಕ ಯಾರು ಹೊಣಿ? ಹೇಳ್ರಿ ಯಾರರ!" ಎಂದು ವಿಡಿಯೊ ಮಾಡಿಬಿಟ್ಟಳು. ಅದು ಊರೂರು ಸುತ್ತಿತು. ಟೀವಿಯವರು ಬಂದರು. ಮರುದಿನ ರೋಹಿಣಿ ಹತ್ತಿದಾಗ ಡಬ್ಬಿಯ ಹೆಂಗಸರು ಚಪ್ಪಾಳೆ ತಟ್ಟಿ, ಕಿಟಕಿಯ ಪಕ್ಕ ಜಾಗ ಬಿಟ್ಟರು. ಎರಡನೆಯ ಕಿಟಕಿ. ಸ್ಟೇಶನ್ನಿಗೆ ಬರುವ ಟಂಟಂ ರಿಕ್ಷಾ ಕೆಟ್ಟು ಓಡೋಡಿ ಬಂದಿದ್ದ ಮಹೇಶ್ವರಿ ಕೊನೆಗಳಿಗೆಯಲ್ಲಿ ಬೇರೆ ಡಬ್ಬಿ ಹತ್ತಿದ್ದಳು. ನಡುವಿನ ಸ್ಟೇಶನ್ನಿನಲ್ಲಿ ಇಳಿದು ತನ್ನ ಡಬ್ಬಿಗೆ ಬಂದು ಬಾಗಿಲಲ್ಲಿ ನಿಂತಾಗ ಕಂಡದ್ದು ಇದು.

"ಬರ್ರಿ ಅಕ್ಕಾರ, ನಾ ಏಳ್ತೇನ್ರಿ," ಎಂದಳು ರೋಹಿಣಿ.

"ಇರ್ಲಿ ಕೂಡು," ಎಂದಳು ಮಹೇಶ್ವರಿ. ಬಾಗಲಕೋಟೆವರೆಗೂ ನಿಂತೇ ಹೋದಳು.

ಮನೆಯಲ್ಲಿ ಗಂಡ ಅಂದಪ್ಪ ಆ ವಿಡಿಯೊವನ್ನು ಮೂರು ಸಲ ನೋಡಿದ. "ಹುಡುಗಿ ಧೈರ್ಯದಾಕಿ ಬಿಡು. ನೀ ಇಷ್ಟ ವರ್ಷ ಬರದಿ, ಏನಾತು? ಆಕಿ ಒಂದ ದಿನದಾಗ ಮಾಡಿದ್ಲು."

"ಮೊಬೈಲ್ ಎತ್ತಾಕ ಧೈರ್ಯ ಯಾಕ ಬೇಕ್ರಿ?" ಎಂದು ಮಹೇಶ್ವರಿ ರೊಟ್ಟಿಯನ್ನು ಎಷ್ಟು ಜೋರಾಗಿ ಬಡಿದಳೆಂದರೆ ಅಂಚು ಹರಿಯಿತು. ರೋಹಿಣಿಯ ನಗು, ಅವಳು ತಲೆಯ ಮೇಲೇರಿಸಿದ ತಂಪು ಕನ್ನಡಕ, "ಅಕ್ಕಾರ" ಎನ್ನುವಾಗಿನ ಸವಿ, ಒಂದೊಂದೂ ನೆನಪಾಗಿ ಮೈ ಉರಿಯಿತು.

ವಿಡಿಯೊದ ಗದ್ದಲಕ್ಕೆ ರೈಲ್ವೆಯ ಅಧಿಕಾರಿಯೊಬ್ಬರು ಬಾಗಲಕೋಟೆ ಸ್ಟೇಶನ್ನಿಗೆ ಬಂದು ಪ್ರಯಾಣಿಕರ ಸಭೆ ಕರೆದರು. ಮಹೇಶ್ವರಿ ಬೆಳಿಗ್ಗೆ ಎದ್ದವಳೇ ಕೊನೆಯ ಮೂರು ವಹಿಗಳನ್ನು ಚೀಲದಲ್ಲಿ ಹಾಕಿಕೊಂಡಳು. ಇಂದು ಕೇಳುತ್ತಾರೆ, ಇಂದು ಎದ್ದು ನಿಲ್ಲುತ್ತೇನೆ ಎಂದುಕೊಂಡೇ ಹೋದಳು. ಹೋಗಿ ನೋಡಿದರೆ ಮುಂದಿನ ಸಾಲಿನಲ್ಲಿ ರೋಹಿಣಿಗೆ ಕುರ್ಚಿ ಹಾಕಿದ್ದರು. ಇವಳಿಗೆ ಹಿಂದಿನ ಬೆಂಚು, ಹುಚ್ಚವ್ವನ ಪಕ್ಕ.

ಸಭೆಯಲ್ಲಿ ಹೊಣೆ ಕೈಯಿಂದ ಕೈಗೆ ಹೋಯಿತು. ಸ್ಟೇಶನ್ನಿನವರು, ಯಾವ ಗಾಡಿ ಮೊದಲು ಎಂದು ಗೊತ್ತುಮಾಡುವ ಕಂಟ್ರೋಲಿನವರು ಹೇಳಿದಂತೆ ಕೇಳುತ್ತೇವೆ ಎಂದರು. ಕಂಟ್ರೋಲಿನವರಿಗೆ ಗೂಡ್ಸ್ ಗಾಡಿ ಮುಖ್ಯವಂತೆ. ಮುಖಂಡರೊಬ್ಬರು ಎದ್ದು, ಟಿಕೀಟು ತೆಗೆಯದೆ ಹತ್ತುವ ಜನರದ್ದೇ ತಪ್ಪು ಎಂದರು. ಕೊನೆಗೆ ಅಧಿಕಾರಿ ಹೇಳಿದರು, "ನಮ್ಮ ದಾಖಲೆಯಲ್ಲಿ ಈ ಗಾಡಿ ತಡವೇ ಇಲ್ಲ. ಕೊನೆಯ ನಿಲ್ದಾಣಕ್ಕೆ ಸರಿಯಾದ ವೇಳೆಗೇ ಮುಟ್ಟುತ್ತಿದೆ."

ಜನ ಕೂಗಾಡಿದರು. ಮಹೇಶ್ವರಿಗೆ ಮಾತ್ರ ಅದರ ಗುಟ್ಟು ಗೊತ್ತಿತ್ತು. ಬಾಗಲಕೋಟೆ ದಾಟಿದ ಮೇಲೆ ವೇಳಾಪಟ್ಟಿಯಲ್ಲಿ ಗಾಡಿಗೆ ಬೇಕಾದಷ್ಟು ಪುರಸೊತ್ತು ಕೊಟ್ಟಿದ್ದರು. ನಡುವೆ ಎಷ್ಟೇ ತಡವಾದರೂ ಕೊನೆಗೆ ಸರಿಹೋಗುತ್ತಿತ್ತು.

"ನಡುವಿನ ನಿಲ್ದಾಣದಲ್ಲಿ ತಡವಾಗುತ್ತಿದ್ದರೆ ದಿನದಿನದ ಬರಹ ಕೊಡಿ," ಎಂದರು ಅಧಿಕಾರಿ. "ಗೂಡ್ಸ್ ಗಾಡಿಯ ವೇಳೆ ಬದಲಿಸಲು ನಾನೇ ಬರೆಯುತ್ತೇನೆ. ವಿಡಿಯೊ ಒಂದು ದಿನದ್ದು. ಯಾರ ಬಳಿಯಾದರೂ ಇದೆಯೇ?"

ರೋಹಿಣಿ ತಡಬಡಿಸಿ ಹಿಂದೆ ಮುಂದೆ ನೋಡಿದಳು. ಅವಳ ಬಾಯಿ ಕಟ್ಟಿದ್ದನ್ನು ಮಹೇಶ್ವರಿ ಮೊದಲ ಸಲ ಕಂಡಳು. ಎದೆಯೊಳಗೆ ತಣ್ಣಗಾಯಿತು. ಈಗ ಎದ್ದರೆ ನಾಳೆ ಇದೂ ಆ ಹುಡುಗಿಯ ಗೆಲುವೇ ಆಗುತ್ತದೆ, ಅನುಭವಿಸಲಿ ಎಂದುಕೊಂಡಳು. ತೊಡೆಯ ಮೇಲಿನ ಚೀಲವನ್ನು ಎರಡೂ ಕೈಯಿಂದ ಒತ್ತಿ ಹಿಡಿದಳು.

"ಯವ್ವಾ, ನೀ ಬರೀತಿದ್ದೆಲ್ಲ?" ಎಂದು ಹುಚ್ಚವ್ವ ಪಿಸುಗುಟ್ಟಿದಳು.

"ಮನ್ಯಾಗ ಬಿಟ್ಟು ಬಂದೇನಿ."

ಸಭೆ ಮುಗಿಯಿತು. ಗಾಡಿ ಹಾಗೆಯೇ ನಡೆಯಿತು. ಚಳಿಗಾಲ ಕಳೆದು ಬಿಸಿಲು ಏರತೊಡಗಿದಾಗ ಹುಚ್ಚವ್ವ ಬರುವುದು ನಿಂತಿತು. ಮಹೇಶ್ವರಿ ಒಂದು ಭಾನುವಾರ ಬಾದಾಮಿ ಸಂತೆಯಲ್ಲಿ ಅವಳನ್ನು ಕಂಡಳು. ಒಂದು ಗೋಣಿಚೀಲದ ಮೇಲೆ ನಾಕು ಸೂಡು ಸೊಪ್ಪು.

"ಯಾಕ ಹುಚ್ಚವ್ವ, ಗಾಡಿಗೆ ಬರವಲ್ಲಿ?"

"ಎಲ್ಲಿ ಬರ್ಲಿ ಯವ್ವಾ. ಗಾಡಿ ಮುಟ್ಟೂದ್ರಾಗ ಪಲ್ಲೆ ಬಾಡತೈತಿ. ಗಿರಾಕಿ ಎಲ್ಲಾ ಬ್ಯಾರೇದವರ ಕಡೆ ಹೋದ್ರು." ಆಮೇಲೆ ಸಿಟ್ಟಿಲ್ಲದೆ ಕೇಳಿದಳು, "ಆ ವಹಿ ಸಾಹೇಬ್ರಿಗೆ ಕೊಟ್ಟಿ ಹೌದಿಲ್ಲ?"

ಮಹೇಶ್ವರಿ ಎರಡು ಸೂಡು ಮೆಂತೆ ಕೊಂಡು ಮನೆಗೆ ಬಂದಳು.

ಸೋಮವಾರ ಹನ್ನೊಂದೂ ವಹಿಗಳನ್ನು ರೋಹಿಣಿಯ ತೊಡೆಯ ಮೇಲೆ ಇಟ್ಟಳು. ರೋಹಿಣಿ ಒಂದೊಂದೇ ಹಾಳೆ ತಿರುವುತ್ತ ಹೋದಂತೆ ಕಣ್ಣು ಅಗಲವಾದವು.

"ಅಕ್ಕಾರ, ಇದು ಸಭಾದ ದಿನ ಇದ್ದಿದ್ರ..."

"ಇತ್ತು. ಚೀಲದಾಗ ಇತ್ತು."

"ಮತ್ತ ಯಾಕ್ರಿ ಕೊಡಲಿಲ್ಲ?"

"ನಿನ್ನ ಮ್ಯಾಲಿನ ಹೊಟ್ಟಿಕಿಚ್ಚಿಗೆ."

ರೋಹಿಣಿ ಬಾಗಲಕೋಟೆ ಬರುವವರೆಗೆ ಕಿಟಕಿಯ ಹೊರಗೆ ನೋಡುತ್ತ ಕೂತಳು. ಇಳಿಯುವಾಗ ವಹಿಗಳನ್ನು ಎದೆಗವಚಿಕೊಂಡು, "ಫೋಟೋ ತೆಗದು ರೈಲ್ವೆ ಸಾಹೇಬ್ರಿಗೆ ಕಳಸ್ತೇನ್ರಿ," ಎಂದಷ್ಟೇ ಹೇಳಿದಳು. ಆಮೇಲೆ ತಿಂಗಳುಗಟ್ಟಲೆ ಅವಳ ಮಾತಿನಲ್ಲಿ "ಅಕ್ಕಾರ" ಇತ್ತು, ಮೊದಲಿನ ಸವಿ ಇರಲಿಲ್ಲ.

ಮಳೆಗಾಲ ಹಿಡಿಯುವ ಹೊತ್ತಿಗೆ ಗೂಡ್ಸ್ ಗಾಡಿಯ ವೇಳೆ ಬದಲಾಯಿತು. ಪ್ಯಾಸೆಂಜರ್ ವಾರದಲ್ಲಿ ನಾಲ್ಕು ದಿನವಾದರೂ ಹೊತ್ತಿಗೆ ಸರಿಯಾಗಿ ಮುಟ್ಟತೊಡಗಿತು. ಡಬ್ಬಿಯಲ್ಲಿ ಪೇಢೆ ಹಂಚಿದರು. ಪೇಪರಿನಲ್ಲಿ ರೋಹಿಣಿಯ ಫೋಟೋ ಬಂತು, "ಹಿರಿಯ ಪ್ರಯಾಣಿಕರ ಸಹಕಾರ" ಎಂಬ ಒಂದು ಸಾಲಿನಲ್ಲಿ ಮಹೇಶ್ವರಿ ಸೇರಿಹೋದಳು. ಆ ಸಾಲನ್ನು ಅವಳು ಎರಡು ಸಲ ಓದಿದಳು. ಅದೇ ಹಳೆಯ ಹೊಟ್ಟೆಕಿಚ್ಚು ಮತ್ತೆ ಎದ್ದಿತು. ಅದು ಹೋಗುವುದಿಲ್ಲ ಎಂದು ಆಗ ಅವಳಿಗೆ ತಿಳಿಯಿತು.

ಹುಚ್ಚವ್ವನಿಗೆ ಸುದ್ದಿ ಹೇಳಲು ಹೋದಾಗ ಅವಳು, "ಛಲೋ ಆತು ಬಿಡು. ನನಗ ಇನ್ನ ಆ ಸಂತ್ಯಾಗ ಜಾಗಾ ಎಲ್ಲೈತಿ," ಎಂದು ಸೊಪ್ಪಿಗೆ ನೀರು ಚಿಮುಕಿಸಿದಳು.

ಈಗಲೂ ಒಂದೊಂದು ದಿನ ಗಾಡಿ ನಿಲ್ಲುತ್ತದೆ. ಯಾರ ತಪ್ಪು ಎಂಬ ವಾದ ಡಬ್ಬಿಯ ತುಂಬ ಏಳುತ್ತದೆ. ಸ್ಟೇಶನ್ನಿನವರು, ಕಂಟ್ರೋಲಿನವರು, ಮುಖಂಡರು ಎಂದು ಒಬ್ಬೊಬ್ಬರು ಒಂದೊಂದು ಹೆಸರು ಹೇಳುತ್ತಾರೆ. ಮಹೇಶ್ವರಿ ಮನಸ್ಸಿನಲ್ಲೇ ಆ ಸಾಲಿಗೆ ತನ್ನ ಹೆಸರನ್ನೂ ಸೇರಿಸಿ, ಹೊಸ ವಹಿ ತೆಗೆದು ಗಾಡಿ ನಿಂತ ಹೊತ್ತು ಬರೆದುಕೊಳ್ಳುತ್ತಾಳೆ.