ಸೀಟಿ ಅಕ್ಕನ ಇಂಗ್ಲಿಷ್

ಬಸ್ ಡಿಪೋದಲ್ಲಿ ಅವಳನ್ನು ಎಲ್ಲರೂ ಸೀಟಿ ಅಕ್ಕ ಎಂದೇ ಕರೆಯುತ್ತಿದ್ದರು. ಬೇರೆ ಕಂಡಕ್ಟರುಗಳು ಬಸ್ಸಿನ ತಗಡು ಬಡಿದೋ, ರೈಟ್ ರೈಟ್ ಎಂದು ಕೂಗಿಯೋ ಗಾಡಿ ಹೊರಡಿಸಿದರೆ, ಇವಳು ಕೊರಳಿಗೆ ನೇತುಬಿಟ್ಟ ಸೀಟಿಯನ್ನು ಬಾಯಿಗಿಟ್ಟು ಊದುತ್ತಿದ್ದಳು. ಸಿಟ್ಟು ಬಂದಾಗ ಊದಿದಳೆಂದರೆ ಹಿಂದಿನ ಸೀಟಿನಲ್ಲಿ ತೂಕಡಿಸುತ್ತಿದ್ದವರು ಬೆಚ್ಚಿ ನೆಟ್ಟಗೆ ಕೂರುತ್ತಿದ್ದರು. ಸಿಟ್ಟು ಅವಳಿಗೆ ಮೂಗಿನ ತುದಿಯಲ್ಲೇ ಇತ್ತು. “ಸೀಟಿಗೂ ಸಿಟ್ಟಿಗೂ ಏನು ಮಹಾ ವ್ಯತ್ಯಾಸ, ಸ್ವಲ್ಪ ಒತ್ತಿ ಹೇಳಿದ್ರಾಯ್ತು” ಎಂದು ಅವಳ ಬಸ್ಸಿನ ಡ್ರೈವರಣ್ಣ ನಗುತ್ತಿದ್ದ. ನಿವೃತ್ತಿ ಹತ್ತಿರವಾದ ಮನುಷ್ಯ. ಅವಳ ಬಾಯಿಗೆ ಹೆದರದೆ ಮಾತಾಡುತ್ತಿದ್ದವನು ಅವನೊಬ್ಬನೇ.

ಅಪ್ಪ ತೀರಿಕೊಂಡಾಗ ಅವಳು ಹೈಸ್ಕೂಲು ಮುಗಿಸಿದ್ದಳು, ತಮ್ಮ ಇನ್ನೂ ಸ್ಲೇಟು ಹಿಡಿಯುವ ಹುಡುಗ. ಮೊದಲು ಬಟ್ಟೆ ಅಂಗಡಿಯಲ್ಲಿ ಸೀರೆ ಮಡಚಿದಳು, ಆಮೇಲೆ ಈ ಕೆಲಸ ಸಿಕ್ಕಿತು. ತಮ್ಮನನ್ನು ಇಂಗ್ಲಿಷ್ ಶಾಲೆಗೆ ಸೇರಿಸಿದ್ದು ಅವಳು, ಕಾಲೇಜಿಗೆ ಕಳಿಸಿದ್ದು ಅವಳು. ಮದುವೆಯ ಮಾತು ಬಂದಾಗಲೆಲ್ಲ ಅವನ ಓದು ಮುಗಿಯಲಿ ಎಂದಳು. ಓದು ಮುಗಿಯುವ ಹೊತ್ತಿಗೆ ಮಾತು ಬರುವುದೇ ನಿಂತುಹೋಗಿತ್ತು. ಅದಕ್ಕೆ ಅವಳಿಗೆ ಬೇಸರವಿತ್ತೋ ಇಲ್ಲವೋ, ಯಾರೂ ಕೇಳಲಿಲ್ಲ. ಅವಳಂತೂ ಹೇಳಲಿಲ್ಲ. ತಮ್ಮ ಮಾತ್ರ ಚೆನ್ನಾಗಿ ಬೆಳೆದ. ಮುಖ್ಯರಸ್ತೆಯ ಸಿಗ್ನಲ್ ಪಕ್ಕದ ಮಹಡಿಯಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಇಂಗ್ಲಿಷ್ ಹೇಳಿಕೊಡುವ ಕೋಚಿಂಗ್ ಸೆಂಟರ್ ತೆರೆದ, ಬೇರೆ ಮನೆ ಮಾಡಿದ. ಹುಡುಗರು ಅವನನ್ನು ಸರ್ ಎನ್ನುತ್ತಿದ್ದರು. ಅಮ್ಮ ಮೊಬೈಲಿನಲ್ಲಿ ಅವನ ಪಾಠದ ವಿಡಿಯೋ ಹಾಕಿಕೊಂಡು, ಒಂದಕ್ಷರ ತಿಳಿಯದಿದ್ದರೂ ತಲೆದೂಗುತ್ತ ಕೂರುತ್ತಿದ್ದಳು.

ನಿಂತು ನಿಂತು ಸೀಟಿ ಅಕ್ಕನ ಮಂಡಿ ಕೈಕೊಡತೊಡಗಿತು. ಡ್ಯೂಟಿ ಮುಗಿಸಿ ಕುಂಟುತ್ತ ಮನೆಗೆ ಬಂದರೆ ಪಾದ ಚಪ್ಪಲಿಯಿಂದ ಹೊರಬರಲು ಒಪ್ಪುತ್ತಿರಲಿಲ್ಲ. ಆ ವರ್ಷ ಇಲಾಖೆಯವರು ಕಂಟ್ರೋಲ್ ರೂಮಿಗೆ ಸಹಾಯಕರನ್ನು ಆರಿಸಲು ಪರೀಕ್ಷೆ ಕರೆದರು. ಕುರ್ಚಿಯ ಮೇಲೆ ಕೂತು, ಯಾವ ಬಸ್ಸು ಎಲ್ಲಿ ಕೆಟ್ಟು ನಿಂತಿದೆ, ಎಲ್ಲಿಗೆ ಬದಲಿ ಗಾಡಿ ಕಳಿಸಬೇಕು ಎಂದು ನೋಡಿಕೊಳ್ಳುವ ಕೆಲಸ. ಪ್ರಶ್ನೆಪತ್ರಿಕೆಯಲ್ಲಿ ಅರ್ಧಕ್ಕರ್ಧ ಇಂಗ್ಲಿಷ್. ವಯಸ್ಸಿನ ಲೆಕ್ಕದಲ್ಲಿ ಅವಳಿಗಿದು ಕೊನೆಯ ಅವಕಾಶ.

“ನಿನ್ನ ಕ್ಲಾಸಿಗೆ ಬರ್ತೀನಿ ಕಣೋ. ಹಿಂದಿನ ಬೆಂಚಲ್ಲಿ ಕೂತ್ಕೋತೀನಿ” ಎಂದಳು ತಮ್ಮನಿಗೆ.

“ನೀನ್ಯಾಕಕ್ಕ ಆ ಚಿಕ್ಕ ಹುಡುಗರ ಮಧ್ಯೆ. ರಜೆಯ ದಿನ ಬೆಳಿಗ್ಗೆ ಮನೆಗೇ ಬಾ. ನಿಂಗೆ ಅಂತಾನೇ ಹೇಳ್ಕೊಡ್ತೀನಿ.”

ಅದನ್ನು ಅವಳು ಪ್ರೀತಿಯೆಂದೇ ತಿಳಿದಳು. ವಾರದ ರಜೆಯಂದು ಅವನ ಮನೆಯ ಊಟದ ಮೇಜಿನ ಮೂಲೆಯಲ್ಲಿ ಕೂತು ಹಾಳೆಯ ಮೇಲೆ ವಾಕ್ಯಗಳನ್ನು ಬರೆದಳು. ದಿನಚರಿಯ ಬಗ್ಗೆ ಬರಿ ಅಂದರೆ ದಿನಚರಿ, ಬಟ್ ಬಳಸಿ ಬರಿ ಅಂದರೆ ಬಟ್. ಒಂದು ದಿನ ಹೀಗೆ ಬರೆದಳು: ಐ ಸ್ಲೀಪ್ಡ್, ಬಟ್ ಮೈ ಲೆಗ್ಸ್ ಆರ್ ಸ್ಟ್ಯಾಂಡಿಂಗ್. ಮಲಗಿದರೂ ಕಾಲು ಬಸ್ಸಿನಲ್ಲೇ ನಿಂತ ಹಾಗಿರುತ್ತದೆ ಎನ್ನುವುದು ಅವಳ ಮನಸ್ಸಿನಲ್ಲಿದ್ದ ಮಾತು. ತಮ್ಮ ಓದಿ ತುಟಿಯಂಚಿನಲ್ಲಿ ನಕ್ಕ. ಸ್ಲೀಪ್ಡ್ ಅಲ್ಲ, ಸ್ಲೆಪ್ಟ್ ಎಂದು ತಿದ್ದಿದ. ಹಾಳೆಯ ಫೋಟೋ ತೆಗೆದುಕೊಂಡು, “ಆಮೇಲೆ ಪೂರ್ತಿ ನೋಡಿ ಹೇಳ್ತೀನಿ” ಎಂದ.

ಕೆಲವು ವಾರ ಕಳೆದಿರಬಹುದು. ಮಧ್ಯಾಹ್ನದ ಟ್ರಿಪ್ಪಿನಲ್ಲಿ ಸಿಗ್ನಲ್ ಆಚೆಯ ಸ್ಟಾಪಿನಿಂದ ಇಬ್ಬರು ಹುಡುಗಿಯರು ಹತ್ತಿದರು. ಟಿಕೆಟ್ ಕೊಡಲು ಹತ್ತಿರ ಹೋದಾಗ ಒಬ್ಬಳು ಇನ್ನೊಬ್ಬಳ ಭುಜಕ್ಕೆ ಒರಗಿ ಬಿದ್ದೂ ಬಿದ್ದೂ ನಗುತ್ತಿದ್ದಳು.

“ಐ ಸ್ಲೀಪ್ಡ್, ಬಟ್ ಮೈ ಲೆಗ್ಸ್ ಆರ್ ಸ್ಟ್ಯಾಂಡಿಂಗ್. ಅಯ್ಯೋ, ಎಲ್ಲಿಂದ ಹುಡುಕಿ ತರ್ತಾರೋ ಸರ್ರು.”

“ನಮ್ಮಕ್ಕನ ಬೆಳಗಿನ ಬ್ಯಾಚಲ್ಲೂ ಇದನ್ನೇ ಹೇಳಿದ್ರಂತೆ. ಯಾರೋ ಕಂಡಕ್ಟರಮ್ಮ ಬರೆದಿದ್ದಂತೆ. ಸರ್ರು ಕುಂಟ್ಕೊಂಡು ನಡೆದು ತೋರಿಸ್ತಾರೆ ನೋಡು, ಸಾಕು.”

ಸೀಟಿ ಅಕ್ಕನ ಕೈಯಲ್ಲಿದ್ದ ಟಿಕೆಟ್ ಮೆಷಿನ್ನು ಚೀಟಿ ಉಗುಳಿ ಸುಮ್ಮನಾಯಿತು. ಅವಳು ಹರಿದು ಕೊಟ್ಟಳು. ಆ ಹುಡುಗಿಯರ ಮೇಲೆ ಅವಳಿಗೆ ಸಿಟ್ಟು ಬರಲಿಲ್ಲ. ನಗು ಬರುವಂಥದ್ದನ್ನು ಹೇಳಿದರೆ ಮಕ್ಕಳು ನಗುತ್ತಾರೆ. ಆದರೆ ಕುಂಟಿ ತೋರಿಸುವವನಿಗೆ ಆ ಕಾಲು ಯಾರದ್ದೆಂದು ಗೊತ್ತಿರಲಿಲ್ಲವೇ? ಆ ಕಾಲು ನಿಂತದ್ದಕ್ಕೇ ಅಲ್ಲವೇ ಅವನಿಗೆ ಸ್ಲೆಪ್ಟ್ ಬಂದದ್ದು? ಮುಂದಿನ ಸ್ಟಾಪಿನಲ್ಲಿ ಸೀಟಿ ಊದಲು ಬಾಯಿಗಿಟ್ಟರೆ ಉಸಿರೇ ಬರಲಿಲ್ಲ. ಡ್ರೈವರಣ್ಣ ಕನ್ನಡಿಯಲ್ಲಿ ಅವಳ ಮುಖ ನೋಡಿ ತಾನೇ ಗಾಡಿ ಹೊರಡಿಸಿದ.

ಡ್ಯೂಟಿ ಬದಲಾಗುತ್ತಲೇ ಯೂನಿಫಾರ್ಮಿನಲ್ಲೇ ಕೋಚಿಂಗ್ ಸೆಂಟರಿನ ಮೆಟ್ಟಿಲು ಹತ್ತಿದಳು. ಕ್ಲಾಸು ನಡೆಯುತ್ತಿತ್ತು. ಫ್ಯಾನಿನ ಸದ್ದು, ಒತ್ತೊತ್ತಾಗಿ ಕೂತ ಹುಡುಗ ಹುಡುಗಿಯರು, ಮೈಕು ಸಿಕ್ಕಿಸಿಕೊಂಡ ತಮ್ಮ. ಬಾಗಿಲಲ್ಲಿ ನಿಂತವಳನ್ನು ಅವನು ನೋಡಿದ. ಎಲ್ಲರೂ ತಿರುಗಿದರು. ಅರೆಗಳಿಗೆ ಅವನ ಮುಖದ ಬಣ್ಣ ಹೋಗಿ ಬಂತು. ಆಮೇಲೆ ಮೈಕಿನಲ್ಲೇ ಹೇಳಿದ:

“ಏನಮ್ಮಾ, ಅಡ್ಮಿಷನ್ ವಿಚಾರಾನಾ? ಕೆಳಗೆ ಆಫೀಸಲ್ಲಿ ಕೇಳಿ.”

ಊರಿಗೆಲ್ಲ ಬಾಯಿ ಮಾಡುವವಳು, ಕುಡಿದು ಬಂದವರನ್ನು ಕಾಲರ್ ಹಿಡಿದು ಇಳಿಸುವವಳು, ತುಟಿ ಎರಡು ಮಾಡದೆ ಇಳಿದುಬಂದಳು.

ಮನೆಯಲ್ಲಿ ಅಮ್ಮನಿಗೆ ಹೇಳಿದರೆ ಅಮ್ಮ, “ಅಷ್ಟು ಜನರ ಮುಂದೆ ಅವನೇನು ಮಾಡ್ಬೇಕಿತ್ತು ಹೇಳು. ಅವನ ಮರ್ಯಾದೆ ಪ್ರಶ್ನೆ ಅಲ್ವಾ” ಎಂದಳು.

“ಅವನಿಗೆ ಮರ್ಯಾದೆ ತಂದ್ಕೊಟ್ಟೋರು ಯಾರಮ್ಮ?”

“ಒಡಹುಟ್ಟಿದೋರ ಹತ್ರ ಲೆಕ್ಕ ಕೇಳ್ಬಾರ್ದು.”

“ನಾನು ಲೆಕ್ಕ ಕೇಳ್ತಿಲ್ಲ. ಅಕ್ಕ ಅನ್ಲಿ ಅಂತಿದ್ದೀನಿ, ಅಷ್ಟೇ.”

ಅಮ್ಮ ಸೊಪ್ಪು ಬಿಡಿಸುವುದರಲ್ಲಿ ಮಗ್ನಳಾದಳು. ಆ ಸೊಪ್ಪಿನ ಕಟ್ಟನ್ನೇ ಕಿತ್ತು ಬಿಸಾಡಬೇಕೆನ್ನಿಸಿತು ಅವಳಿಗೆ. ಬಿಸಾಡಲಿಲ್ಲ.

ತಮ್ಮನ ಮನೆಗೆ ಹೋಗುವುದನ್ನು ಬಿಟ್ಟಳು. ಪರೀಕ್ಷೆ ಬಿಡಲಿಲ್ಲ. ಹಳೆ ಪುಸ್ತಕದಂಗಡಿಯಲ್ಲಿ ರಟ್ಟು ಹರಿದ ವ್ಯಾಕರಣದ ಪುಸ್ತಕವೊಂದನ್ನು ಹುಡುಕಿ ತಂದಳು. ಕೊನೆಯ ಸ್ಟಾಪಿನಲ್ಲಿ ಗಾಡಿ ತಿರುಗಿಸಿ ನಿಲ್ಲಿಸಿದಾಗ ಡ್ರೈವರಣ್ಣ ಸ್ಟೀರಿಂಗಿಗೆ ಪುಸ್ತಕ ಒರಗಿಸಿಕೊಂಡು ಅದರಲ್ಲಿದ್ದ ಕನ್ನಡ ಅರ್ಥಗಳನ್ನು ಓದುತ್ತಿದ್ದ, ಅವಳು ಪದ ಹೇಳಬೇಕು. ಅವನಿಗೆ ಇಂಗ್ಲಿಷ್ ಬರದು. ಅವಳು ಹೇಳಿದ್ದು ಸರಿಯೋ ತಪ್ಪೋ ಅವಳ ಮುಖ ನೋಡಿಯೇ ತೀರ್ಮಾನಿಸುತ್ತಿದ್ದ.

“ಹಿಂಜರಿಯುವ, ಮನಸ್ಸಿಲ್ಲದ” ಎಂದ ಒಂದು ದಿನ.

“ರಿಲಕ್ಟೆಂಟ್. ನಮ್ಮ ಪಾಸ್ ಗಿರಾಕಿಗಳು. ತೋರ್ಸಿ ಅಂದ್ರೆ ಕಿಟಕಿ ಆಚೆ ನೋಡ್ತಾರಲ್ಲ.”

“ಹಟಮಾರಿ?”

“ಆಬ್ಸ್ಟಿನೇಟ್. ಫುಟ್‌ಬೋರ್ಡ್ ಬಿಟ್ಟು ಒಳಗೆ ಬರದೋರು.”

“ಕೃತಘ್ನ?”

ಅವಳು ಇಳಿದು ಹೋಗಿ ಹಿಂದಿನ ಟೈರು ನೋಡುತ್ತ ನಿಂತಳು. ಡ್ರೈವರಣ್ಣ ಪುಟ ಮಗುಚಿದ.

ಇಂಗ್ಲಿಷಿನ ಮೇಲೆಯೂ ಅವಳಿಗೆ ಬೆಂಕಿಯಂಥ ಸಿಟ್ಟು. ಕಾರಿಗೆ ಇನ್ ಅಂತೆ, ಬಸ್ಸಿಗೆ ಆನ್ ಅಂತೆ. “ಬಸ್ಸಿನ ಮೇಲೆ ಹತ್ತಿ ಕೂತ್ರೆ ಇಳಿಸಿ ಫೈನ್ ಹಾಕ್ತೀನಿ ನಾನು. ಆನ್ ಅಂತೆ ಆನ್” ಎಂದು ಪುಸ್ತಕವನ್ನೇ ಗದರಿಸುತ್ತಿದ್ದಳು. ಗೋ ಇದ್ದದ್ದು ವೆಂಟ್ ಯಾಕಾಯಿತು, ಗೋಡ್ ಆದರೆ ಯಾರ ಗಂಟು ಹೋಗುತ್ತಿತ್ತು? ಆದರೆ ಎಲ್ಲಕ್ಕಿಂತ ಅವಳ ಮೈ ಉರಿಸಿದ್ದು ಪ್ಯಾಸಿವ್ ವಾಯ್ಸ್. ದಿ ಗ್ಲಾಸ್ ವಾಸ್ ಬ್ರೋಕನ್. ಗಾಜು ಒಡೆಯಲ್ಪಟ್ಟಿತು.

“ಯಾರು ಒಡೆದಿದ್ದು?” ಎಂದಳು ಡ್ರೈವರಣ್ಣನಿಗೆ.

“ಅದು ಹೇಳೋ ಹಾಗಿಲ್ಲ ಅನ್ಸುತ್ತೆ ಇದ್ರಲ್ಲಿ.”

“ಅದಕ್ಕೇ ಇಷ್ಟ ಇವರಿಗೆಲ್ಲ ಇದು. ಮಾಡಿದೋನ ಹೆಸರೇ ಬೇಕಾಗಿಲ್ಲ. ಆಗ್ಹೋಯ್ತು ಅಂದ್ರೆ ಆಗ್ಹೋಯ್ತು.”

ಹಾಗೆಂದು ಅದನ್ನೇ ಹೆಚ್ಚು ಕಲಿತಳು. ಸಿಟ್ಟಿನಿಂದ ಕಲಿತದ್ದು ಮರೆಯುತ್ತಿರಲಿಲ್ಲ. ಬಸ್ಸು ತುಂಬಿ ತುಳುಕುವಾಗ, ಒಂದು ಕೈ ಮೇಲಿನ ಕಂಬಿಗೆ ಕೊಟ್ಟು, ಬಾಯಲ್ಲಿ ಟೇಕ್ ಟುಕ್ ಟೇಕನ್, ಬ್ರಿಂಗ್ ಬ್ರಾಟ್ ಬ್ರಾಟ್ ಎಂದು ಗೊಣಗುತ್ತ ಜನರ ನಡುವೆ ನುಸುಳುತ್ತಿದ್ದಳು. ಮುದುಕಿಯೊಬ್ಬಳು ಇವಳು ತನ್ನನ್ನು ಶಪಿಸುತ್ತಿದ್ದಾಳೆಂದು ತಿಳಿದು ಜಗಳಕ್ಕೇ ಬಂದಳು.

ಪರೀಕ್ಷೆ ಬರೆದಳು. ಹೇಗಾಯಿತೆಂದು ಕೇಳಿದವರಿಗೆ, “ಅದು ನನ್ನ ಬರೀತು, ನಾನು ಅದನ್ನ ಬರ್ದೆ” ಎಂದಳು. ಫಲಿತಾಂಶ ಬಂದಾಗ ಅವಳ ಹೆಸರು ತೀರ ಮೇಲೂ ಇರಲಿಲ್ಲ, ಕೆಳಗೂ ಇರಲಿಲ್ಲ. ಇತ್ತು. ಡಿಪೋದ ಹೆಂಗಸರು ಅವಳನ್ನು ತಬ್ಬಿಕೊಂಡರು. ಡ್ರೈವರಣ್ಣ ಸುಮ್ಮಸುಮ್ಮನೆ ಹಾರ್ನ್ ಹೊಡೆದು ಮ್ಯಾನೇಜರಿನಿಂದ ಬೈಸಿಕೊಂಡ.

ಕಂಟ್ರೋಲ್ ರೂಮಿಗೆ ಹೋಗುವ ಆದೇಶ ಕೈಗೆ ಬರುವ ಮೊದಲೇ ಅದು ನಡೆದದ್ದು. ಸಿಗ್ನಲ್ಲಿನಲ್ಲಿ ಬಸ್ಸು ನಿಂತಾಗ ಅವಳು ಸುಮ್ಮನೆ ತಲೆಯೆತ್ತಿದಳು. ಕೋಚಿಂಗ್ ಸೆಂಟರಿನ ಮಹಡಿಯುದ್ದಕ್ಕೂ ಹೊಸ ಫ್ಲೆಕ್ಸ್ ಬೋರ್ಡು. ಪಾಸಾದವರ ಮುಖಗಳು. ಎಲ್ಲಕ್ಕಿಂತ ದೊಡ್ಡದಾಗಿ, ಮಧ್ಯದಲ್ಲಿ, ಅವಳ ಮುಖ. ಕುತ್ತಿಗೆಯಿಂದ ಕೆಳಗೆ ಯಾರದೋ ಕಪ್ಪು ಕೋಟು ಅಂಟಿಸಿದ್ದರು. ಯೂನಿಫಾರ್ಮೂ ಇಲ್ಲ, ಸೀಟಿಯೂ ಇಲ್ಲ. ಕೆಳಗೆ: ನಮ್ಮ ಹೆಮ್ಮೆಯ ವಿದ್ಯಾರ್ಥಿನಿ.

ಹಸಿರು ದೀಪ ಬಿತ್ತು. ಸೀಟಿ ಅಕ್ಕ ನಿಲ್ಲಿಸುವ ಸೀಟಿ ಊದಿದಳು.

“ಇಲ್ಲಿ ಸ್ಟಾಪಿಲ್ವಲ್ಲ” ಎಂದ ಡ್ರೈವರಣ್ಣ. ಆಮೇಲೆ ಅವನೂ ತಲೆಯೆತ್ತಿ ನೋಡಿದ. ಬಸ್ಸನ್ನು ಪಕ್ಕಕ್ಕೆ ತಂದು ನಿಲ್ಲಿಸಿದ.

ಮಂಡಿನೋವಿನಲ್ಲೇ ಮೆಟ್ಟಿಲು ಹತ್ತಿದಳು. ಅದೇ ಫ್ಯಾನು, ಅದೇ ಮೈಕು, ಬೇರೆ ಹುಡುಗರು. ಈ ಸಲ ತಮ್ಮ ಅವಳನ್ನು ಕಂಡು ಅಗಲವಾಗಿ ನಕ್ಕ. “ನೋಡಿ, ಯಾರು ಬಂದಿದ್ದಾರೆ. ನಮ್ಮ ಸೆಂಟರಿನ...”

“ಆ ಮೈಕು ಕೊಡು.”

ಅವನು ಕೊಡಲಿಲ್ಲ. ಅವಳಿಗೆ ಬೇಕಾಗಿಯೂ ಇರಲಿಲ್ಲ; ಬಸ್ಸಿನ ಹಿಂಬಾಗಿಲಿನಿಂದ ಮುಂಬಾಗಿಲಿಗೆ ಕೇಳುವ ಗಂಟಲು ಅದು.

“ನಾನು ಇವನ ಅಕ್ಕ. ಒಡಹುಟ್ಟಿದ ಅಕ್ಕ. ಈ ಕ್ಲಾಸಲ್ಲಿ ಒಂದು ದಿನಾನೂ ಕೂತಿಲ್ಲ ನಾನು. ಬರ್ತೀನಿ ಅಂದೆ, ಬೇಡ ಅಂದ. ನನ್ನ ವಾಕ್ಯ ಬಂತು ಇಲ್ಲಿಗೆ, ನಾನು ಬರೋ ಹಾಗಿರ್ಲಿಲ್ಲ. ಮಲಗಿದ್ರೂ ಕಾಲು ನಿಂತಿದೆ ಅಂತ ಬರೆದೋಳು ನಾನೇ. ಅದು ತಪ್ಪು ಇಂಗ್ಲಿಷು, ನಗಿ, ಪರವಾಗಿಲ್ಲ. ಕುಂಟಿ ತೋರಿಸ್ತಾನಲ್ಲ, ಅವನು ಮೆಟ್ಟಿ ಮೇಲೆ ಬಂದಿದ್ದೂ ಅದೇ ಕಾಲನ್ನೇ.”

ಯಾರೂ ನಗಲಿಲ್ಲ. ಮುಂದಿನ ಬೆಂಚಿನ ಹುಡುಗಿಯೊಬ್ಬಳು ಪೆನ್ನಿನ ಮುಚ್ಚಳ ಹಾಕಿದಳು.

“ಅಕ್ಕ, ಆಮೇಲೆ ಮಾತಾಡೋಣ” ಎಂದ ತಮ್ಮ ತಗ್ಗಿದ ದನಿಯಲ್ಲಿ. ಮೈಕಿನಿಂದಾಗಿ ಅದೂ ಎಲ್ಲರಿಗೂ ಕೇಳಿಸಿತು.

“ಈಗ ಅಕ್ಕ ಆದ್ನಾ? ಬೋರ್ಡು ಇಳಿಸು. ನನ್ನ ತಲೆ ಬೇಕು, ಮೈ ಬೇಡ ನಿಂಗೆ.”

ಕೆಳಗಿನಿಂದ ಹಾರ್ನು ಕೇಳಿಸಿತು. ಬಸ್ಸಿನಲ್ಲಿ ಜನ ಕೂಗಾಡುತ್ತಿದ್ದರು. ಅವಳು ಇಳಿದುಹೋದಳು. ಆಸ್ಪತ್ರೆಗೆ ತಡವಾಯಿತೆಂದು ಒಬ್ಬ, ಆಫೀಸಿಗೆ ತಡವಾಯಿತೆಂದು ಇನ್ನೊಬ್ಬ, ಎಲ್ಲರೂ ಅವಳನ್ನು ಹಿಗ್ಗಾಮುಗ್ಗಾ ಬೈದರು. ಎಂದೂ ಸುಮ್ಮನಿರದವಳು ಆ ದಿನ ಎಲ್ಲವನ್ನೂ ಕೇಳಿಸಿಕೊಂಡಳು. ಅವರು ಹೇಳುವುದರಲ್ಲಿ ನ್ಯಾಯವಿತ್ತು. ಯಾರೋ ದೂರು ಕೊಟ್ಟರು. ಸ್ಟಾಪಿಲ್ಲದ ಕಡೆ ಗಾಡಿ ನಿಲ್ಲಿಸಿದ್ದಕ್ಕೆ ಅವಳಿಗೂ ಡ್ರೈವರಣ್ಣನಿಗೂ ನೋಟಿಸು ಬಂತು. ಕಂಟ್ರೋಲ್ ರೂಮಿನ ಆದೇಶ ಕೆಲವು ತಿಂಗಳು ತಡೆಹಿಡಿಯಲ್ಪಟ್ಟಿತು. ಆ ತಿಂಗಳುಗಳನ್ನೂ ಅವಳು ನಿಂತೇ ಕಳೆದಳು.

ಫ್ಲೆಕ್ಸು ಎರಡು ದಿನದಲ್ಲಿ ಇಳಿಯಿತು. ಅವಳ ಮುಖವಿದ್ದ ಜಾಗಕ್ಕೆ ಬೇರೆ ಯಾರದೋ ಮುಖ ಬಂತು, ಕೋಟು ಅದೇ.

ತಮ್ಮ ಮನೆಗೆ ಬಂದದ್ದು ಬಹಳ ದಿನಗಳ ಮೇಲೆ, ಒಂದು ರಜೆಯ ಬೆಳಿಗ್ಗೆ. ಅಮ್ಮ ಹೇಳಿ ಕರೆಸಿದ್ದಳು. ಹೊಸ್ತಿಲ ಹತ್ತಿರದ ಸ್ಟೂಲಿನ ಮೇಲೆ ಕೂತ. ಸೀಟಿ ಅಕ್ಕ ಯೂನಿಫಾರ್ಮಿನ ಕಿತ್ತುಹೋದ ಗುಂಡಿ ಹೊಲಿಯುತ್ತಿದ್ದಳು.

“ಸಾರಿ ಅಕ್ಕ” ಎಂದ.

“ನಮ್ಮ ಮಾತಲ್ಲಿ ಹೇಳು.”

ಅವನು ಅಮ್ಮನ ಕಡೆ ನೋಡಿದ. ಅಮ್ಮ ಒಳಗೆ ಹೋದಳು. “ಅದೇನೋ, ಕ್ಲಾಸಲ್ಲಿ ಮಾತಾಡ್ತಾ ಮಾತಾಡ್ತಾ ಹಾಗಾಗ್ಹೋಯ್ತು.”

“ಆಗ್ಲಿಲ್ಲ. ನೀನು ಮಾಡ್ದೆ.”

ಇಂಗ್ಲಿಷಿನಲ್ಲಿ ನೀರು ಕುಡಿದಷ್ಟು ಸಲೀಸಾಗಿ ಬಂದ ಮಾತು ಮನೆಮಾತಿನಲ್ಲಿ ಬರಲು ತಿಣುಕಾಡಿತು.

“ನಾನು ಮಾಡ್ದೆ. ನಂಗೆ ನಾಚಿಕೆಯಾಗ್ತಿತ್ತು, ನೀನು ಕಂಡಕ್ಟರ್ ಅಂತ. ತಪ್ಪಾಯ್ತು.”

ಅವಳು ದಾರ ಕಡಿದಳು. ಇಷ್ಟು ದಿನ ಕಾದ ಮಾತು ಬಂದಾಗ ಮನಸ್ಸು ಹಗುರಾಗಬಹುದು ಎಂದುಕೊಂಡಿದ್ದಳು. ಹಾಗೇನೂ ಆಗಲಿಲ್ಲ. ನಾಚಿಕೆಯಾಗುತ್ತಿತ್ತು ಎಂಬುದನ್ನು ಅವನ ಬಾಯಿಂದಲೇ ಕೇಳಿದ ಮೇಲೆ ಹಳೆಯ ಸಿಟ್ಟಿನ ಜೊತೆ ಹೊಸದೊಂದು ಸೇರಿಕೊಂಡಿತು.

“ಅಮ್ಮ ನಿಂಗೆ ಅಂತ ಅಡುಗೆ ಮಾಡಿದಾಳೆ. ಉಂಡು ಹೋಗು” ಎಂದಳು. ತಾನು ಅವನ ಜೊತೆ ಕೂರಲಿಲ್ಲ.

ಈಗ ಅವಳು ಕಂಟ್ರೋಲ್ ರೂಮಿನಲ್ಲಿದ್ದಾಳೆ. ಎದುರಿಗೆ ನಕ್ಷೆ, ಕಿವಿಗೆ ಫೋನು. ಸೇರಿದ ಮೊದಲ ವಾರವೇ, ಹೆಂಗಸರಿಗೆ ಬೇರೆ ಶೌಚಾಲಯವಿಲ್ಲವೆಂದು ಇಂಗ್ಲಿಷಿನಲ್ಲೇ ಅರ್ಜಿ ಬರೆದು ಮೇಲಧಿಕಾರಿಯ ಮೇಜಿನ ಮೇಲಿಟ್ಟಳು. ಅದರಲ್ಲಿ ತಪ್ಪುಗಳಿದ್ದವು. ಅಧಿಕಾರಿ ತಿದ್ದಲು ಪೆನ್ನು ತೆಗೆದಾಗ, “ಅದನ್ನ ಆಮೇಲೆ ತಿದ್ದಿ ಸರ್, ಮೊದಲು ಸಹಿ ಹಾಕಿ” ಎಂದು ಅಲ್ಲೇ ನಿಂತಳು, ಅವರು ಹಾಕುವವರೆಗೂ.